ಸತ್ತ ಜಾಗದ ಲೆಕ್ಕ, ಬಾಳಿದ ಕೇರಿಯ ಲೆಕ್ಕ

ಶಿವಮೊಗ್ಗದ ಯಾವುದಾದರೂ ಸ್ಥಳೀಯ ಪತ್ರಿಕೆಯ ನಿಧನ ವಾರ್ತೆಗಳನ್ನು ಒಂದು ತಿಂಗಳು ಬರೀ ವಯಸ್ಸಿಗಾಗಿ ಓದಿ ನೋಡಿ. ವಿನೋಬನಗರದ ನಿವೃತ್ತ ಮುಖ್ಯೋಪಾಧ್ಯಾಯರು, ರವೀಂದ್ರನಗರದ ನಿವೃತ್ತ ಎಂಜಿನಿಯರು, ಅಡಿಕೆ ವರ್ತಕರ ಮನೆಯ ಹಿರಿಯ ಅಜ್ಜಿ. ಎಂಬತ್ತರ ಆಸುಪಾಸಿನ ಅಂಕಿಗಳೇ ಹೆಚ್ಚು. ಆಮೇಲೆ ಹಳೇ ಊರಿನ ಇಕ್ಕಟ್ಟಿನ ಕೇರಿಗಳಲ್ಲಿ, ಊರಾಚೆಯ ಆಶ್ರಯ ಬಡಾವಣೆಗಳಲ್ಲಿ ಲೈಟು ಕಂಬಕ್ಕೆ ಕಟ್ಟಿದ ಶ್ರದ್ಧಾಂಜಲಿ ಫ್ಲೆಕ್ಸುಗಳನ್ನು ನೋಡುತ್ತ ಬನ್ನಿ. ಕೂಲಿಂಗ್ ಗ್ಲಾಸು ಹಾಕಿಕೊಂಡು ಬೈಕಿಗೆ ಒರಗಿ ನಿಂತವರು, ಮಗುವನ್ನು ಎತ್ತಿಕೊಂಡವರು, ಮೀಸೆ ಇನ್ನೂ ಕಪ್ಪಗಿರುವವರು. ನಡುವಿನ ದೂರ ಎರಡೋ ಮೂರೋ ಕಿಲೋಮೀಟರು.

ಇದನ್ನೇ ಪುರಾವೆ ಎಂದು ಹಿಡಿಯುವ ಹಾಗಿಲ್ಲ. ಪತ್ರಿಕೆಗೆ ಸುದ್ದಿ ಮುಟ್ಟಿಸುವ ಮನೆಗಳೇ ಬೇರೆ. ಫ್ಲೆಕ್ಸು ಹಾಕಿಸುವುದು ಸಾಮಾನ್ಯವಾಗಿ ಗೆಳೆಯರ ಬಳಗ, ಹಾಗಾಗಿ ಅಲ್ಲಿ ಯುವಕರ ಮುಖಗಳೇ ಹೆಚ್ಚು. ಆಶ್ರಯ ಬಡಾವಣೆಯಲ್ಲಿ ತೀರಿಕೊಂಡ ಎಪ್ಪತ್ತರ ಮುದುಕಿಗೆ ಪತ್ರಿಕೆಯೂ ಇಲ್ಲ, ಫ್ಲೆಕ್ಸೂ ಇಲ್ಲ. ಆದರೂ ಕೇಳಬೇಕಾದ ಪ್ರಶ್ನೆ ಅಲ್ಲೇ ಇದೆ. ಒಂದೇ ನದಿಯ ನೀರು ಕುಡಿಯುವ, ಒಂದೇ ದೊಡ್ಡಾಸ್ಪತ್ರೆಯನ್ನು ನಂಬಿದ ಊರಿನಲ್ಲಿ ಬಡಾವಣೆಯಿಂದ ಬಡಾವಣೆಗೆ ಆಯುಷ್ಯ ಎಷ್ಟು ಕಮ್ಮಿಯಾಗುತ್ತದೆ? ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದವರು ಇದನ್ನು ಲೆಕ್ಕ ಹಾಕಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2008ರಲ್ಲಿ ಕೊಟ್ಟ ವರದಿಯ ಪ್ರಕಾರ, ಅಲ್ಲಿನ ಕ್ಯಾಲ್ಟನ್ ಎಂಬ ಬಡ ಕೇರಿಯ ಗಂಡಸಿನ ನಿರೀಕ್ಷಿತ ಆಯುಷ್ಯ 54 ವರ್ಷ, ಕೆಲವೇ ಮೈಲಿ ಆಚೆಯ ಲೆಂಜಿಯಲ್ಲಿ 82. ನಮ್ಮಲ್ಲಿ ಈ ಲೆಕ್ಕ ಇಲ್ಲ. ಲೆಕ್ಕಕ್ಕೆ ಬೇಕಾದ ಕಾಗದ ಮಾತ್ರ ದಿನಾ ತುಂಬುತ್ತಲೇ ಇದೆ.

ಮಲೆನಾಡಿನಲ್ಲಿ ಆರೋಗ್ಯದ ತಾರತಮ್ಯ ಎಂದ ಕೂಡಲೇ ಮಾತು ಕಾಡಿನ ಕಡೆ ಹೊರಳುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ, ಹಿನ್ನೀರಿನಾಚೆಯ ಹಳ್ಳಿಗಳು, ಕಂಬಳಿಯಲ್ಲಿ ರೋಗಿಯನ್ನು ಹೊತ್ತು ತರುವ ಚಿತ್ರಗಳು. ಅದೆಲ್ಲ ನಿಜವೇ. ಮಂಗನ ಕಾಯಿಲೆಯ ಸಾವು ಊರಿನ ಹೆಸರು ಹಿಡಿದು ಸುದ್ದಿಯಾಗುತ್ತದೆ, ಆಗಬೇಕಾದದ್ದೂ ಹೌದು. ಪೇಟೆಯೊಳಗಿನ ಸಾವು ಮಾತ್ರ ಕೇರಿಯ ಹೆಸರು ಹಿಡಿದು ಎಲ್ಲೂ ಬರುವುದಿಲ್ಲ.

ಎಲ್ಲಿ ಸತ್ತರೋ ಅಲ್ಲಿಯ ಪುಸ್ತಕ

1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಸಾವು ನೋಂದಣಿಯಾಗುವುದು ಅದು ಸಂಭವಿಸಿದ ಜಾಗದಲ್ಲಿ, ಸತ್ತವರು ಬಾಳಿದ ಜಾಗದಲ್ಲಲ್ಲ. ಕಚೇರಿ ನಡೆಸುವುದಕ್ಕೆ ಇದು ಸರಿಯೇ. ಶಿವಮೊಗ್ಗದಂಥ ಊರಿಗೆ ಬಂದಾಗ ಮಾತ್ರ ಚಿತ್ರ ತಲೆಕೆಳಗಾಗುತ್ತದೆ. ಮೆಗ್ಗಾನ್ ಆಸ್ಪತ್ರೆಗೆ ಶಿಕಾರಿಪುರ, ಸೊರಬ, ಹೊಸನಗರ, ತೀರ್ಥಹಳ್ಳಿಯವರು ಬರುತ್ತಾರೆ. ಹೊನ್ನಾಳಿ, ಚನ್ನಗಿರಿ, ತರೀಕೆರೆ ಕಡೆಯಿಂದಲೂ ಆಂಬುಲೆನ್ಸು ಬರುತ್ತದೆ. ಅವರಲ್ಲಿ ಉಳಿಯದವರೆಲ್ಲ ಶಿವಮೊಗ್ಗ ನಗರದ ಪುಸ್ತಕದಲ್ಲಿ ಸತ್ತವರು. ಇತ್ತ ನಗರದ ಅನುಕೂಲಸ್ಥರಿಗೆ ಕಾಯಿಲೆ ಜೋರಾದರೆ ಬಂಧುಗಳ ಮೊದಲ ಮಾತು ‘ಮಣಿಪಾಲಕ್ಕೆ ಕರ್ಕೊಂಡು ಹೋಗಿಬಿಡಿ’ ಎಂದು. ಆಗುಂಬೆ ಘಾಟಿ ಇಳಿದು ಅಲ್ಲಿ ತೀರಿಕೊಂಡವರು ಉಡುಪಿ ಜಿಲ್ಲೆಯ ಪುಸ್ತಕಕ್ಕೆ ಹೋದರು, ಬೆಂಗಳೂರಿನ ಮಗನ ಮನೆಯಲ್ಲಿ ತೀರಿಕೊಂಡವರು ಬೆಂಗಳೂರಿನ ಪುಸ್ತಕಕ್ಕೆ. ಹೀಗೆ ಹಳ್ಳಿಯ ಬಡವರ ಸಾವು ನಗರದ ಲೆಕ್ಕಕ್ಕೆ ಸೇರಿ, ನಗರದ ಉಳ್ಳವರ ಸಾವು ನಗರದ ಲೆಕ್ಕದಿಂದ ತಪ್ಪಿಹೋಗುತ್ತದೆ. ಪಾಲಿಕೆಯ ಒಟ್ಟು ಮರಣ ಸಂಖ್ಯೆ ಹಿಡಿದು ‘ಶಿವಮೊಗ್ಗದಲ್ಲಿ ಸಾವು ಹೆಚ್ಚಾಯಿತು’ ಎಂದು ಬರೆಯುವ ವರದಿಗಾರರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಪರಿಹಾರ ಅದೇ ಕಾಗದದಲ್ಲಿದೆ. ಮರಣ ವರದಿಯ ನಮೂನೆ 2ರಲ್ಲಿ ಸತ್ತ ಜಾಗ ಒಂದು ಅಂಕಣ, ವಾಸದ ಊರು ಇನ್ನೊಂದು ಅಂಕಣ. ಎರಡನೆಯದನ್ನು ಹಿಡಿದು ವಿಂಗಡಿಸಿದರೆ ಹೊರಗಿನವರು ಬೇರೆಯಾಗುತ್ತಾರೆ. ತೊಡಕು ಏನೆಂದರೆ, ಈ ಅಂಕಣವನ್ನು ತುಂಬುವುದು ಆಸ್ಪತ್ರೆಯ ಕಿಟಕಿಯ ಮುಂದೆ ಹೆಣ ಬಿಡಿಸಿಕೊಳ್ಳುವ ಆತುರದಲ್ಲಿ ನಿಂತ ಅಣ್ಣನ ಮಗನೋ ಪಕ್ಕದ ಮನೆಯವರೋ. ಅವರು ಹೇಳುವುದು ‘ಶಿವಮೊಗ್ಗ’ ಎಂದಷ್ಟೇ, ಗುಮಾಸ್ತರು ಬರೆಯುವುದೂ ಅಷ್ಟೇ. ಕೇರಿ, ತಿರುವು, ಬಡಾವಣೆಯ ಹೆಸರು ಇಲ್ಲದ ಆ ಒಂದು ಶಬ್ದದಿಂದ ನಗರದೊಳಗಿನ ವ್ಯತ್ಯಾಸವೆಲ್ಲ ಅಳಿಸಿಹೋಗುತ್ತದೆ. ನಮೂನೆಯ ಅಂಕಿಅಂಶದ ಭಾಗದಲ್ಲಿ ಇನ್ನೂ ಏನೇನೋ ಇವೆ: ಉದ್ಯೋಗ, ಯಾವ ಬಗೆಯ ಚಿಕಿತ್ಸೆ ಸಿಕ್ಕಿತ್ತು, ಬೀಡಿ ಸಿಗರೇಟು, ಹೊಗೆಸೊಪ್ಪು, ಮದ್ಯ. ಅಡಿಕೆ ಜಗಿಯುತ್ತಿದ್ದರೆ ಎಷ್ಟು ವರ್ಷದಿಂದ ಎಂಬ ಪ್ರಶ್ನೆಯೂ ಅಲ್ಲಿದೆ. (ಅಡಿಕೆ ಧಾರಣೆ ಏರಿದರೆ ನಗುವ, ಇಳಿದರೆ ಬಾಡುವ ನಮ್ಮ ಪೇಟೆಯಲ್ಲಿ ಆ ಅಂಕಣ ತುಂಬುವುದು ಯಾರಿಗೂ ಹಿತವಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು 2004ರಲ್ಲೇ ಮೊದಲ ದರ್ಜೆಯ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ.)

ಇದಕ್ಕಿಂತ ದೊಡ್ಡ ಸೋರಿಕೆ ಮನೆಯಲ್ಲಾಗುವ ಸಾವಿನದು. 21 ದಿನದೊಳಗೆ ತಿಳಿಸಿದರೆ ಶುಲ್ಕವಿಲ್ಲ. 30 ದಿನದವರೆಗೆ ತಡ ಶುಲ್ಕ. ಅದು ದಾಟಿದರೆ ಮೇಲಿನ ಅಧಿಕಾರಿಯ ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ. ಇಷ್ಟು ಓಡಾಡುವವರು ಯಾರು? ಮರಣ ಪತ್ರದಿಂದ ಕೆಲಸ ಆಗಬೇಕಾದವರು: ಖಾತೆ ಬದಲಾವಣೆ, ಎಲ್‌ಐಸಿ, ಕುಟುಂಬ ಪಿಂಚಣಿ, ಬ್ಯಾಂಕಿನ ಠೇವಣಿ. ಬಾಡಿಗೆ ಗುಡಿಸಲಿನಲ್ಲಿ ಏನೂ ಬಿಟ್ಟುಹೋಗದ ವಿಧವೆಯ ಸಾವು ಯಾವ ಕಚೇರಿಗೂ ಬೇಕಿಲ್ಲ. ಮೂರು ದಿನದ ಕೂಸಿನದಂತೂ ಇನ್ನೂ ಬೇಕಿಲ್ಲ. ಹುಟ್ಟಿ ಒಮ್ಮೆ ಅತ್ತು ಹೋದ ಮಗುವನ್ನು ‘ಸತ್ತೇ ಹುಟ್ಟಿತು’ ಎಂದು ಬರೆದುಬಿಟ್ಟರೆ ಅದು ನಮೂನೆ 3ಕ್ಕೆ ಹೋಗುತ್ತದೆ, ಶಿಶು ಮರಣದ ಲೆಕ್ಕದಿಂದಲೇ ಹೊರಗುಳಿಯುತ್ತದೆ. ಹೀಗಾಗಿ ನೋಂದಣಿ ಪುಸ್ತಕವನ್ನು ಹಾಗೇ ನಂಬಿದರೆ ಬಡ ಕೇರಿ ಆರೋಗ್ಯವಂತ ಕೇರಿಯಂತೆ ಕಾಣುತ್ತದೆ.

ಎಷ್ಟು ಸಾವು ತಪ್ಪಿಹೋಗಿದೆ ಎಂದು ಅಂದಾಜು ಮಾಡುವ ದಾರಿ ಇದೆ, ಅದು ಹುಟ್ಟಿದ್ದು ನಮ್ಮ ದೇಶದ ಅಂಕಿಗಳಿಂದಲೇ. 1949ರಲ್ಲಿ ಅಂಕಿಅಂಶ ತಜ್ಞರಾದ ಚಂದ್ರಶೇಖರನ್ ಮತ್ತು ಡೆಮಿಂಗ್ ಬಂಗಾಳದ ಸಿಂಗೂರಿನ ಜನನ ಮರಣ ಪಟ್ಟಿಗಳನ್ನಿಟ್ಟುಕೊಂಡು ತೋರಿಸಿದ್ದು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಪಟ್ಟಿ ಬೇಕು. ಇಲ್ಲಾದರೆ ಪಾಲಿಕೆಯ ಪುಸ್ತಕ ಒಂದು, ಚಿತಾಗಾರ, ರುದ್ರಭೂಮಿ, ಖಬರಸ್ತಾನ್, ಚರ್ಚಿನ ಸ್ಮಶಾನಗಳ ಪುಸ್ತಕ ಒಟ್ಟಾಗಿ ಇನ್ನೊಂದು. ಹೆಸರು, ವಯಸ್ಸು, ತಾರೀಖು ಹೊಂದಿಸಿ ನೋಡುವುದು. ಮೊದಲ ಪಟ್ಟಿಯಲ್ಲಿ 60, ಎರಡನೆಯದರಲ್ಲಿ 50, ಎರಡರಲ್ಲೂ ಇರುವವರು 40 ಎಂದಿಟ್ಟುಕೊಳ್ಳಿ. 60ನ್ನು 50ರಿಂದ ಗುಣಿಸಿ 40ರಿಂದ ಭಾಗಿಸಿದರೆ 75. ಎರಡೂ ಪಟ್ಟಿ ಸೇರಿದರೆ ಸಿಗುವುದು 70 ಹೆಸರು, ಇನ್ನೈದು ಸಾವು ಎಲ್ಲೂ ದಾಖಲಾಗಿಲ್ಲ ಎಂದರ್ಥ. ಆದರೆ ಸ್ಮಶಾನದವರು ಮರಣ ಪತ್ರ ನೋಡಿಯೇ ಒಳಗೆ ಬಿಡುವುದಾದರೆ ಎರಡು ಪಟ್ಟಿಗೂ ನಂಟು ಬಂತು, ಆಗ ಅಂದಾಜು ನಿಜಕ್ಕಿಂತ ಕಡಿಮೆ ಬರುತ್ತದೆ. ಹೊಲದಲ್ಲೋ ಹೊಳೆ ದಂಡೆಯಲ್ಲೋ ಮಣ್ಣು ಮಾಡಿದ ಕೂಸುಗಳು ಎರಡು ಪಟ್ಟಿಗೂ ಸಿಗುವುದಿಲ್ಲ. ಅವಕ್ಕೆ ಆಶಾ ಕಾರ್ಯಕರ್ತೆಯ ಡೈರಿ, ಅಂಗನವಾಡಿಯ ಪುಸ್ತಕ ಬೇಕು.

ವಾರ್ಡಿಗೆ ಮೂರು ಕೂಸು

2011ರ ಜನಗಣತಿಯಲ್ಲಿ ಶಿವಮೊಗ್ಗ ನಗರದ ಜನಸಂಖ್ಯೆ 3,22,650. ವಾರ್ಡುಗಳು 35. ಸರಾಸರಿ ವಾರ್ಡಿಗೆ 9,200 ಜನ. ಕರ್ನಾಟಕದ 2020ರ ಪ್ರಮಾಣ ಹಿಡಿದರೆ, ಅಂದರೆ ವರ್ಷಕ್ಕೆ ಸಾವಿರ ಜನರಿಗೆ ಸುಮಾರು 16 ಹೆರಿಗೆ, 6 ಸಾವು, ಸಾವಿರ ಹೆರಿಗೆಗೆ 19ರ ಆಸುಪಾಸು ಶಿಶು ಮರಣ, ಒಂದು ವಾರ್ಡಿನಲ್ಲಿ ವರ್ಷಕ್ಕೆ 55 ಸಾವು, 147 ಹೆರಿಗೆ, ಮೂರು ಕೂಸಿನ ಸಾವು ಬರಬೇಕು. ಮೂರು ಎಂಬ ಸಂಖ್ಯೆ ಬರೀ ಆಕಸ್ಮಿಕದಿಂದಲೇ ಒಂದು ವರ್ಷ ಸೊನ್ನೆ, ಇನ್ನೊಂದು ವರ್ಷ ಆರು ಆಗಬಲ್ಲದು. ‘ಈ ವಾರ್ಡಿನಲ್ಲಿ ಶಿಶು ಮರಣ ದುಪ್ಪಟ್ಟು’ ಎಂದು ಕೌನ್ಸಿಲ್ ಸಭೆಯಲ್ಲಿ ಗಲಾಟೆ ಮಾಡುವುದಕ್ಕೂ, ‘ಈ ವರ್ಷ ಒಂದೂ ಇಲ್ಲ’ ಎಂದು ಸನ್ಮಾನ ಮಾಡುವುದಕ್ಕೂ ಅದು ಆಧಾರವಲ್ಲ. ಐದು ವರ್ಷ ಒಟ್ಟು ಮಾಡಬೇಕು. ಅದೂ ಸಾಲದು, ಒಂದೇ ಬಗೆಯ ವಾರ್ಡುಗಳನ್ನು ಗುಂಪು ಮಾಡಬೇಕು: ಹಳೇ ಊರಿನ ತಗ್ಗಿನ ಕೇರಿಗಳು, ಎಂಬತ್ತು ತೊಂಬತ್ತರ ದಶಕದ ನೌಕರರ ಬಡಾವಣೆಗಳು, ಊರಂಚಿನ ಆಶ್ರಯ ಮನೆಗಳು, ಪಾಲಿಕೆಗೆ ಸೇರಿಹೋದ ಹಳ್ಳಿಗಳು. ಏಳೇಳು ವಾರ್ಡಿನ ಗುಂಪಿಗೆ ಐದು ವರ್ಷದಲ್ಲಿ ನೂರರ ಹತ್ತಿರ ಶಿಶು ಮರಣ ಸಿಗುತ್ತದೆ. ನೂರಕ್ಕೆ ಆಕಸ್ಮಿಕದ ಏರಿಳಿತ ಹತ್ತರಷ್ಟು. ಎರಡು ಗುಂಪುಗಳ ನಡುವೆ 80 ಮತ್ತು 130ರ ವ್ಯತ್ಯಾಸ ಬಂದರೆ ಆಗ ಮಾತಾಡಬಹುದು. ಒಂದೇ ವಾರ್ಡಿನೊಳಗೆ ಮಾಳಿಗೆ ಮನೆಯ ಸಾಲೂ ಜೋಪಡಿಯ ಸಾಲೂ ಇದ್ದರೆ ಸರಾಸರಿ ಎರಡನ್ನೂ ಮುಚ್ಚಿಹಾಕುತ್ತದೆ, ಅದಕ್ಕೇ ವಾರ್ಡಿಗಿಂತ ಮತಗಟ್ಟೆ ಒಳ್ಳೆಯ ಘಟಕ. ಮತದಾರರ ಪಟ್ಟಿಯಲ್ಲಿ ವಯಸ್ಸೂ ಇರುವುದರಿಂದ ಹದಿನೆಂಟು ದಾಟಿದವರ ಛೇದಕ್ಕೆ, ಅಂದರೆ ಸಾವನ್ನು ಭಾಗಿಸಬೇಕಾದ ಜನಸಂಖ್ಯೆಗೆ, ಅದೇ ಆಗುತ್ತದೆ. ಸತ್ತವರ ಹೆಸರು ಅದರಲ್ಲಿ ವರ್ಷಗಟ್ಟಲೆ ಉಳಿದಿರುತ್ತದೆ, ಬಾಡಿಗೆಗೆ ಬಂದ ಕೂಲಿಯವರ ಹೆಸರು ಸೇರಿರುವುದೇ ಇಲ್ಲ ಎಂಬುದು ನೆನಪಿರಲಿ.

ವಯಸ್ಸಿನ ಹೊಂದಾಣಿಕೆ ಮಾಡದಿದ್ದರೆ ಇಷ್ಟೂ ವ್ಯರ್ಥ. ಒಂದು ಕಲ್ಪಿತ ಲೆಕ್ಕ ನೋಡಿ. ಎರಡು ಬಡಾವಣೆ, ತಲಾ 10,000 ಜನ. ಮೊದಲನೆಯದು ನಿವೃತ್ತರದು: ಅರವತ್ತು ದಾಟಿದವರು 2,000, ಅವರಲ್ಲಿ ಸಾವಿರಕ್ಕೆ 30 ಸಾವು, ಉಳಿದವರಲ್ಲಿ ಸಾವಿರಕ್ಕೆ ಒಂದೂವರೆ. ಒಟ್ಟು 72. ಎರಡನೆಯದು ಕೂಲಿಕಾರರದು: ಅರವತ್ತು ದಾಟಿದವರು ಬರೀ 600, ಅವರಲ್ಲಿ ಸಾವಿರಕ್ಕೆ 45, ಉಳಿದವರಲ್ಲಿ ಸಾವಿರಕ್ಕೆ 3. ಒಟ್ಟು 55. ಎರಡು ವಯಸ್ಸಿನಲ್ಲೂ ಹೆಚ್ಚು ಸಾಯುತ್ತಿರುವ ಕೂಲಿಕಾರರ ಬಡಾವಣೆಯೇ ಕಾಗದದ ಮೇಲೆ ಗಟ್ಟಿಮುಟ್ಟಾಗಿ ಕಂಡಿತು! ಎರಡರಲ್ಲೂ ಅರವತ್ತು ದಾಟಿದವರು 1,000, ಉಳಿದವರು 9,000 ಎಂದು ಸಮ ಮಾಡಿ ಅವೇ ಪ್ರಮಾಣ ಹಾಕಿದರೆ ಮೊದಲನೆಯದಕ್ಕೆ 43.5, ಎರಡನೆಯದಕ್ಕೆ 72. ಸತ್ತವರ ಸರಾಸರಿ ವಯಸ್ಸು ಹೋಲಿಸುವುದಂತೂ ಇದಕ್ಕಿಂತ ಅಪಾಯ. 1842ರಲ್ಲಿ ಚಾಡ್ವಿಕ್ ಎಂಬ ನೈರ್ಮಲ್ಯ ಸುಧಾರಕ ಇಂಗ್ಲೆಂಡಿನಲ್ಲಿ ಅದನ್ನೇ ಮಾಡಿದ್ದ. ಲಿವರ್‌ಪೂಲಿನಲ್ಲಿ ಸತ್ತವರ ಸರಾಸರಿ ವಯಸ್ಸು ಸಿರಿವಂತರದು 35, ವ್ಯಾಪಾರಿಗಳದು 22, ಕೂಲಿಗಳದು 15 ಎಂದು. ತೀರ್ಮಾನದಲ್ಲಿ ಹುರುಳಿತ್ತು, ಅಳತೆಗೋಲು ಸೊಟ್ಟ. ಮಕ್ಕಳೇ ತುಂಬಿದ ಕೇರಿಯಲ್ಲಿ ಸಾಯುವವರಲ್ಲೂ ಮಕ್ಕಳೇ ಹೆಚ್ಚಿರುತ್ತಾರೆ. ಮೇಲಿನ ನಿಧನ ವಾರ್ತೆ ಮತ್ತು ಫ್ಲೆಕ್ಸಿನ ಹೋಲಿಕೆಗೂ ಇದೇ ದೋಷವಿದೆ.

ನಮ್ಮಲ್ಲಿ ವಯಸ್ಸೂ ಅಂದಾಜೇ. ಅರವತ್ತು, ಅರವತ್ತೈದು, ಎಪ್ಪತ್ತರಲ್ಲಿ ಗುಡ್ಡೆ ಬಿದ್ದಿರುತ್ತದೆ, ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ 1. ಹಾಗಾಗಿ 60ರಿಂದ 69 ಎಂದು ವಿಂಗಡಿಸುವ ಬದಲು 55ರಿಂದ 64, 65ರಿಂದ 74 ಎಂದು ಮಾಡಿದರೆ ಅರವತ್ತು, ಎಪ್ಪತ್ತರ ಗುಡ್ಡೆ ಗುಂಪಿನ ಅಂಚಿಗೆ ಬೀಳದೆ ನಡುವಿಗೆ ಬರುತ್ತದೆ.

ಮಂಟಪ ಮುಳುಗಿದ ದಿನ

ತುಂಗೆ ತುಂಬಿದಳೇ ಎಂದು ತಿಳಿಯಲು ಶಿವಮೊಗ್ಗದವರಿಗೆ ಗೇಜು ಬೇಡ. ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯೊಳಗಿನ ಕಲ್ಲು ಮಂಟಪ ಮುಳುಗಿತೆಂದರೆ ಸಾಕು, ಜನ ಬೈಕು ಹತ್ತಿ ನೋಡಲು ಬರುತ್ತಾರೆ, ಬಾಗಿನದ ಮಾತು ಶುರುವಾಗುತ್ತದೆ. 2019ರ ಆಗಸ್ಟಿನಲ್ಲಿ ಮಂಟಪದ ಮೇಲೆ ನಿಲ್ಲದೆ ನೀರು ಊರೊಳಕ್ಕೇ ಬಂತು. ಕುಂಬಾರಗುಂಡಿ, ಸೀಗೆಹಟ್ಟಿ, ಇಮಾಮ್‌ಬಾಡ, ಮಂಡಕ್ಕಿಭಟ್ಟಿ, ವಿದ್ಯಾನಗರದ ಒಂದಷ್ಟು ಭಾಗ. ಗಾಜನೂರಿನ ಅಣೆಕಟ್ಟೆಯಿಂದ ಬಿಟ್ಟ ನೀರಿಗೆ ಹೊಳೆಯ ಮಟ್ಟ ಏರಿದಾಗ ರಾಜಕಾಲುವೆಗಳು ಹೊಳೆಗೆ ಸುರಿಯಲಾಗದೆ ಹಿಮ್ಮುಖ ಹರಿಯುತ್ತವೆ. ಮನೆಯೊಳಕ್ಕೆ ಬಂದದ್ದು ಬರೀ ಹೊಳೆಯ ನೀರಲ್ಲ, ಇಡೀ ಊರಿನ ಬಚ್ಚಲು ಕಕ್ಕಸಿನ ನೀರು.

ಪ್ಯಾರಿಸ್ಸಿನಲ್ಲಿ ವಿಲೆರ್ಮೆ ಎಂಬ ವೈದ್ಯ 1820ರ ದಶಕದಲ್ಲಿ ಇಂಥದೇ ಪ್ರಶ್ನೆ ಹಿಡಿದು ಹೊರಟಿದ್ದ. ಕೆಲವು ವಾರ್ಡುಗಳಲ್ಲಿ ಸಾವು ಏಕೆ ಹೆಚ್ಚು? ಹೊಳೆಯ ಸಾಮೀಪ್ಯ, ಗಾಳಿ, ಮನೆಗಳ ದಟ್ಟಣೆ ಎಲ್ಲವನ್ನೂ ಹೋಲಿಸಿ ನೋಡಿದ. ಯಾವುದೂ ತಾಳೆಯಾಗಲಿಲ್ಲ. ತಾಳೆಯಾದದ್ದು ತೆರಿಗೆಗೇ ಬಾರದಷ್ಟು ಕಡಿಮೆ ಬಾಡಿಗೆಯ ಮನೆಗಳ ಪ್ರಮಾಣ. ನಮ್ಮ ಪ್ರವಾಹಕ್ಕೂ ಅದು ಒಪ್ಪುತ್ತದೆ. ವಿದ್ಯಾನಗರದ ಮಾಳಿಗೆ ಮನೆಯವರು ಸಾಮಾನು ಮೇಲೆ ಸಾಗಿಸಿದರು, ನೀರಿಳಿದ ಮೇಲೆ ಸಂಪು ತೊಳೆಸಿದರು. ಮಣ್ಣಿನ ಗೋಡೆಯ ಹೆಂಚಿನ ಮನೆಯವರಿಗೆ ಗಂಜಿ ಕೇಂದ್ರ, ಆಮೇಲೆ ತಿಂಗಳುಗಟ್ಟಲೆ ಆರದ ಗೋಡೆ, ಆ ಗೋಡೆಯ ಬೂಷ್ಟಿಗೆ ಮಕ್ಕಳ ದಮ್ಮು. ಕೆಸರು ಬಳಿದವರಿಗೆ ಇಲಿ ಜ್ವರ. ಇಲಿಯ ಉಚ್ಚೆ ಬೆರೆತ ನೀರು ಕಾಲಿನ ಗಾಯದಿಂದ ಒಳಹೊಕ್ಕು ಒಂದೆರಡು ವಾರಕ್ಕೆ ಜ್ವರ, ಮೀನಖಂಡದ ನೋವು, ಕೆಂಗಣ್ಣು. ಅಷ್ಟರಲ್ಲಿ ನೀರಿಳಿದು ಎಲ್ಲರೂ ಮರೆತಿರುತ್ತಾರೆ, ಚೀಟಿಯಲ್ಲಿ ‘ವೈರಲ್ ಫೀವರ್’ ಎಂದು ಬೀಳುತ್ತದೆ. ಮೊಣಕಾಲವರೆಗಿನ ಬೂಟು ಮತ್ತು ವೈದ್ಯರು ಹೇಳಿದಂತೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಪೌರಕಾರ್ಮಿಕರಿಗೆ ಕೆಸರಿಗಿಳಿಯುವ ಮೊದಲೇ ಸಿಗಬೇಕು, ಜ್ವರ ಬಂದ ಮೇಲಲ್ಲ.

ಪ್ರವಾಹ ಅಪರೂಪ. ನಲ್ಲಿ ನೀರಿನದು ದಿನನಿತ್ಯದ ಕಥೆ. ಗಂಟೆ ಲೆಕ್ಕದಲ್ಲಿ ನೀರು ಬಿಡುವ ಕಡೆ ಪೈಪಿನೊಳಗೆ ಉಳಿದ ಹೊತ್ತಿನಲ್ಲಿ ಒತ್ತಡವಿರುವುದಿಲ್ಲ. ಮನೆಗೆ ಹೋಗುವ ಅರ್ಧ ಇಂಚಿನ ಜಿಐ ಪೈಪು ಚರಂಡಿಯನ್ನು ದಾಟುವಲ್ಲಿ, ಬೆಂಡು ಕೂರಿಸಿದ ಕಡೆ ತುಕ್ಕು ಹಿಡಿದು ತೂತಾಗಿರುತ್ತದೆ. ನೀರು ಬಿಟ್ಟಾಗ ಆ ತೂತಿನಿಂದ ಹೊರಗೆ ಚಿಮ್ಮುತ್ತದೆ, ನಿಲ್ಲಿಸಿದಾಗ ಚರಂಡಿಯ ನೀರು ಒಳಗೆ ಬರುತ್ತದೆ. ನೀರು ಬಂದ ಹೊತ್ತಿನಲ್ಲೂ ಮೇಲಿನ ಮನೆಯವರು ನಲ್ಲಿಗೇ ನೇರ ಮೋಟರು ಹಚ್ಚಿ ಎಳೆದರೆ ಪಕ್ಕದ ಪೈಪಿನಲ್ಲಿ ಎಳೆತ ಉಂಟಾಗಿ ಅದೇ ಕೆಲಸ ಆಗುತ್ತದೆ. ಮೋಟರು ಇದ್ದವರ ಮನೆಯಲ್ಲಿ ಸಂಪು, ಟ್ಯಾಂಕು, ಫಿಲ್ಟರು ಇರುತ್ತವೆ. ಇಲ್ಲದವರು ಮೊದಲ ಬಿಂದಿಗೆಯ ಕೆಂಪು ನೀರನ್ನೇ ಹಿಡಿದುಕೊಳ್ಳುತ್ತಾರೆ, ಏಕೆಂದರೆ ಕೊನೆಯ ಬಿಂದಿಗೆ ಸಿಗುವ ಖಾತ್ರಿ ಇಲ್ಲ. ಅತಿಸಾರ ಬಂದರೆ ‘ಅವರಿಗೆ ಶುಚಿತ್ವ ಇಲ್ಲ’ ಎಂಬ ಮಾತು ಬರುವುದು ಮೋಟರು ಇರುವ ಮನೆಯಿಂದಲೇ.

ಪರೀಕ್ಷೆ ಕಷ್ಟದ್ದಲ್ಲ. ನೀರು ಶುದ್ಧೀಕರಣ ಕೇಂದ್ರದಲ್ಲಿ ಕ್ಲೋರಿನ್ ಎಷ್ಟಿದೆ ಎಂಬುದಕ್ಕಿಂತ ಸಾಲಿನ ಕಟ್ಟಕಡೆಯ ನಲ್ಲಿಯಲ್ಲಿ ಎಷ್ಟು ಉಳಿದಿದೆ ಎಂಬುದು ಮುಖ್ಯ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕೆಂದು ಐಎಸ್ 10500 ಮಾನದಂಡ ಹೇಳುತ್ತದೆ. ಓಟಿ (ಆರ್ಥೋಟಾಲಿಡಿನ್) ದ್ರಾವಣದ ಹನಿ ಹಾಕಿ ಹಳದಿ ಬಣ್ಣವನ್ನು ಪಟ್ಟಿಯೊಂದಿಗೆ ಹೋಲಿಸಿದರೆ ಸ್ಥಳದಲ್ಲೇ ಗೊತ್ತಾಗುತ್ತದೆ. ಬಣ್ಣವೇ ಬರದಿದ್ದರೆ ಹೈಡ್ರೋಜನ್ ಸಲ್ಫೈಡ್ ಬಾಟಲಿಗೆ ಗುರುತಿನವರೆಗೆ ನೀರು ತುಂಬಿ ಇಡಬೇಕು, ಕಪ್ಪಾದರೆ ಮಲದ ಸೋಂಕು ಇರುವ ಶಂಕೆ. ಇಪ್ಪತ್ನಾಲ್ಕು ಗಂಟೆಗೆ ನೋಡಿ ‘ಸರಿಯಿದೆ’ ಎಂದು ಎಸೆಯಬೇಡಿ. ನಮ್ಮ ಮಳೆಗಾಲದ ಚಳಿಗೆ ಬ್ಯಾಕ್ಟೀರಿಯಾ ನಿಧಾನ, ನಲವತ್ತೆಂಟು ಗಂಟೆ ಕಾಯಬೇಕು. ಜುಲೈನಲ್ಲಿ ತುಂಗೆ ಕೆಂಪಾದಾಗ ಮಣ್ಣು ಮತ್ತು ಎಲೆಗೊಬ್ಬರವೇ ಕ್ಲೋರಿನನ್ನು ನುಂಗಿಹಾಕುವುದರಿಂದ ಬೇಸಿಗೆಯ ಪ್ರಮಾಣ ಆಗ ಸಾಲುವುದಿಲ್ಲ.

ಡೆಂಗಿಯದೂ ಇದೇ ನಂಟು. ನೀರು ದಿನ ಬಿಟ್ಟು ದಿನ ಬರುವ ಕಡೆ ಇನ್ನೂರು ಲೀಟರಿನ ಡ್ರಮ್ಮು ಬಾಗಿಲಲ್ಲೇ ಇರುತ್ತದೆ. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ನೀರು ಚೆಲ್ಲಿದರಷ್ಟೇ ಆಗದು, ಮೊಟ್ಟೆ ಡ್ರಮ್ಮಿನ ಗೋಡೆಗೆ ಅಂಟಿ ತಿಂಗಳುಗಟ್ಟಲೆ ಒಣಗಿಯೂ ಬದುಕಿರುತ್ತದೆ, ತಿಕ್ಕಿ ತೊಳೆಯಬೇಕು.

ಕಾರಣದ ಅಂಕಣ

ಆಸ್ಪತ್ರೆಯ ಸಾವಿಗೆ ನಮೂನೆ 4, ಮನೆಯ ಸಾವಿಗೆ ವೈದ್ಯರು ನೋಡುತ್ತಿದ್ದರೆ 4ಎ. ಎ, ಬಿ, ಸಿ ಎಂದು ಮೂರು ಸಾಲು. ಮೇಲೆ ತಕ್ಷಣದ ಕಾರಣ, ಕೆಳಗೆ ಮೂಲ ಕಾರಣ. ರಕ್ತ ನಂಜಾಯಿತು, ಅದಕ್ಕೆ ಕಾಲಿನ ಕೊಳೆತ ಹುಣ್ಣು, ಅದಕ್ಕೆ ಸಕ್ಕರೆ ಕಾಯಿಲೆ: ಅಂಕಿಅಂಶಕ್ಕೆ ಬೇಕಾದದ್ದು ಕೊನೆಯ ಸಾಲು. ‘ಹೃದಯ ಮತ್ತು ಉಸಿರಾಟ ನಿಂತಿದೆ’ ಎಂದಷ್ಟೇ ಬರೆದರೆ ಸತ್ತಿದ್ದಾರೆ ಎಂದು ಎರಡನೇ ಸಲ ಬರೆದಂತಾಯಿತು. ಮಾಚೇನಹಳ್ಳಿ ಕಡೆಯ ಫೌಂಡ್ರಿಗಳಲ್ಲಿ ಮರಳಿನ ಅಚ್ಚು ಒಡೆದು ತಿಕ್ಕುವ ಕೆಲಸ ಮಾಡಿದವರ ಸಾವು ‘ಕ್ಷಯ’ ಎಂದು ದಾಖಲಾದರೆ ಸಿಲಿಕೋಸಿಸ್ ಇತ್ತೇ ಎಂದು ಯಾರೂ ಕೇಳುವುದಿಲ್ಲ. ಕಲ್ಲುಪುಡಿ ತುಂಬಿದ ಶ್ವಾಸಕೋಶಕ್ಕೆ ಕ್ಷಯ ಸುಲಭವಾಗಿ ಹತ್ತುತ್ತದೆ, 1948ರ ಕಾರ್ಖಾನೆ ಕಾಯ್ದೆಯಲ್ಲೇ ಸಿಲಿಕೋಸಿಸನ್ನು ವರದಿ ಮಾಡಲೇಬೇಕಾದ ಕಾಯಿಲೆ ಎಂದು ಪಟ್ಟಿ ಮಾಡಲಾಗಿತ್ತು. ಉದ್ಯೋಗದ ಅಂಕಣದಲ್ಲಿ ‘ಕೂಲಿ’ ಎಂದಿದ್ದರೆ ಆ ದಾರಿಯೂ ಮುಚ್ಚಿತು. ಇನ್ನು ಸಕ್ಕರೆ, ಬಿಪಿಗೆ ಮಾತ್ರೆ ಪುಕ್ಕಟೆ ಸಿಗುವ, ಸರ್ಕಾರದ ‘ನಮ್ಮ ಕ್ಲಿನಿಕ್’ಗಳಿಗೆ ಶುರುವಿನಲ್ಲಿ ಗೊತ್ತುಮಾಡಿದ ವೇಳೆ ಬೆಳಿಗ್ಗೆ 9ರಿಂದ ಸಂಜೆ 4:30. ಗಾರೆ ಕೆಲಸದವರು ಎಂಟಕ್ಕೆ ಹೊರಟು ಆರಕ್ಕೆ ಬರುತ್ತಾರೆ. ಮಾತ್ರೆಗಾಗಿ ತಿಂಗಳಿಗೊಂದು ದಿನದ ಕೂಲಿ ಬಿಡಬೇಕು, ಬಿಡುವುದಿಲ್ಲ.

ಪಟ್ಟಿ ಕೇಳುವುದು ಹೇಗೆ ಎಂಬುದಷ್ಟು ಉಳಿಯಿತು. ಸಾವಿನ ಕಾರಣವನ್ನು ಹೆಸರಿನೊಂದಿಗೆ ಹೊರಗೆ ಕೊಡುವಂತಿಲ್ಲ, ನೋಂದಣಿ ಕಾಯ್ದೆಯ 17ನೇ ಕಲಮು ತಡೆಯುತ್ತದೆ. ಹೆಸರು, ಮನೆ ನಂಬರು ಕೇಳಲೇಬೇಡಿ. ಐದು ವರ್ಷದ ಸಾವುಗಳಿಗೆ ವಯಸ್ಸು, ಲಿಂಗ, ಸತ್ತ ತಿಂಗಳು, ಸತ್ತ ಜಾಗ ಆಸ್ಪತ್ರೆಯೋ ಮನೆಯೋ, ವಾಸದ ಬಡಾವಣೆ, ಈ ಐದು ಅಂಕಣ ಸಾಕು. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಪೀಠಿಕೆ ಹಾಕದೆ ಅಂಕಣಗಳ ಹೆಸರನ್ನಷ್ಟೇ ಬರೆಯಿರಿ. ಉತ್ತರ ಬಂದ ಮೇಲೆ ಮೊದಲು ಎಣಿಸಬೇಕಾದದ್ದು ವಾಸದ ಅಂಕಣದಲ್ಲಿ ‘ಶಿವಮೊಗ್ಗ’ ಎಂದಷ್ಟೇ ಇರುವ ಸಾಲುಗಳನ್ನು. ಅವು ಮೂರರಲ್ಲೊಂದು ಪಾಲಿಗಿಂತ ಹೆಚ್ಚಿದ್ದರೆ ಕೇರಿವಾರು ಲೆಕ್ಕ ಹಾಕುವ ಶ್ರಮ ಬೇಡ. ಮೊದಲು ಆಸ್ಪತ್ರೆಯ ಕಿಟಕಿಯಲ್ಲಿ ಬಡಾವಣೆಗಳ ಪಟ್ಟಿ ಅಂಟಿಸಿ, ಬರೆಸುವವರಿಂದ ಒಂದನ್ನು ಗುರುತು ಹಾಕಿಸುವ ಕೆಲಸ ಆಗಬೇಕು.